ಮೂವತ್ತು–ಮೂವತ್ತೆರಡರ ಬೈಗುಳ

ಬೈಗುಳದ ಪ್ರಸಂಗಗಳು ನಮ್ಮ ಗ್ಯಾರೇಜಿನಲ್ಲಿ ವಾರಕ್ಕೆ ಒಂದಾದರೂ ಆಗುತ್ತಲೇ ಇದ್ದವು. ಬೈಯುವುದು ನನ್ನ ಪಾರ್ಟ್ನರ್. ಪಕ್ಕದಲ್ಲಿ ನಿಂತು ಬೆವರುವುದು ನಾನು.

ಗ್ಯಾರೇಜು ಇರುವುದು ಮಂಗಳೂರಿನ ಜೆಪ್ಪುವಿನಲ್ಲಿ. ಬಸ್ಸು, ಲಾರಿ ರಿಪೇರಿ. ಮೂವತ್ತೆಂಟು ವರ್ಷವಾಯಿತು. ನಾನು ಕುಲಶೇಖರದ ಅರ್ಚಕರ ಮನೆಯವನು. ಹದಿನೆಂಟರವರೆಗೆ ಮಂತ್ರ ಕಲಿತೆ, ಆಮೇಲೆ ಡೀಸೆಲ್ ಇಂಜಿನ್ ಕಲಿತೆ. ಅವನು ವಾಮಂಜೂರು ಕಡೆಯ ಗದ್ದೆ ಇದ್ದ ಮನೆಯವನು. ಅವನ ಅಣ್ಣಂದಿರು ಹೋಟೆಲು ಇಟ್ಟರು. ಇವನು ಹೋಟೆಲಿಗೆ ಹಾಲು ತರುವ ವ್ಯಾನನ್ನು ಬಿಚ್ಚಿ ಅಂಗಳದಲ್ಲಿ ಹರಡಿದ. ಎರಡೂ ಮನೆಯವರಿಗೆ ನಾವು ಬೇಡವಾದೆವು. ಹಾಗೆ ಜೊತೆಯಾದೆವು.

ನನಗೆ ಮಾತು ಕಡಿಮೆ. ಬೈಗುಳವಂತೂ ಒಂದೂ ಬಾಯಿಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ‘ನಾಯಿ’ ಎಂದದ್ದಕ್ಕೆ ಅಪ್ಪ ಮೂರು ಸಲ ಸ್ನಾನ ಮಾಡಿಸಿದ್ದರು. ನಾನು ಹೇಳಿದ್ದು ನಾಯಿಗೇ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವನ ಕೈಯಿಂದ ಸ್ಪ್ಯಾನರ್ ಜಾರಿ ಅವನದೇ ಪಾದದ ಮೇಲೆ ಬಿತ್ತು. ಅವನು ಬೈಯಲಿಲ್ಲ. ಏನೋ ದೊಡ್ಡದೇ ಆಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಹಿಡಿದುಕೊಳ್ಳುವಷ್ಟರಲ್ಲಿ ಕುಸಿದ. ಬಲಗೈಯ ಶಕ್ತಿ ಹೋಗಿತ್ತು. ಬಾಯಿ ಬಂದ್ ಆಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, “ಪಾರ್ಶ್ವವಾಯು. ಅವರಿಗೆ ಎಲ್ಲ ಕೇಳ್ತದೆ, ಅರ್ಥ ಆಗ್ತದೆ. ಮಾತು ಮಾತ್ರ ಹೊರಗೆ ಬರುವುದಿಲ್ಲ. ಬರಬಹುದು, ಬಾರದೆಯೂ ಇರಬಹುದು. ಮೊದಲ ಕೆಲವು ವಾರ ಮುಖ್ಯ. ಹಳೇ ವಿಷಯ ಮಾತಾಡ್ತಾ ಇರಿ.”

ಅವನ ಹೆಂಡತಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಟೀಚರ್, ನನಗೂ ಟೀಚರ್. ಅವರು ನನ್ನ ಕಡೆ ನೋಡಿದರು. “ನೀವೇ ಮಾತಾಡಿ. ಇವರು ನನಗಿಂತ ಜಾಸ್ತಿ ನಿಮ್ಮೊಟ್ಟಿಗೇ ಇದ್ದದ್ದು.”

ಮೊದಲ ದಿನ ಮಾತಾಡಿದೆ. “ಹೇಗಿದ್ದೀ?” ಎಂದೆ. ಆಮೇಲೆ “ಸೆಕೆ ಉಂಟು” ಎಂದೆ. ಗಡಿಯಾರ ನೋಡಿದೆ. ಎರಡು ನಿಮಿಷ ಆಗಿತ್ತು. ನೋಡಲು ಬಿಡುವ ಹೊತ್ತು ನಾಲ್ಕರಿಂದ ಆರು.

ಮನೆಗೆ ಹೋಗುವಾಗ ಒಂದು ನೋಟ್‌ಬುಕ್ ತೆಗೆದುಕೊಂಡೆ. ಒಂದೊಂದೇ ಹಳೇ ಪ್ರಸಂಗ ಬರೆದು, ಆಸ್ಪತ್ರೆಯಲ್ಲಿ ಓದಿ ಹೇಳುವುದು ಎಂದು ನಿಶ್ಚಯಿಸಿದೆ. ನಾವು ಮಾತಾಡುವುದು ತುಳು. ಬರೆಯಲು ನನಗೆ ಬರುವುದು ಕನ್ನಡ. ಹಾಗಾಗಿ ಕನ್ನಡದಲ್ಲಿ ಬರೆದೆ.

೧. ಸೈಜು

ಮದುವೆಯಾದ ಹೊಸತರಲ್ಲಿ ಟೀಚರ್ ಗ್ಯಾರೇಜಿಗೆ ಊಟ ತರುತ್ತಿದ್ದರು. ಅವರು ಇರುವಾಗ ಬೈಯುವುದಿಲ್ಲ ಎಂದು ಇವನು ಮಾತು ಕೊಟ್ಟಿದ್ದ. ಮಾತು ಕೊಟ್ಟದ್ದು ಮದುವೆಯ ದಿನವೇ. ದಿಬ್ಬಣದ ಕಾರು ನಡುದಾರಿಯಲ್ಲಿ ನಿಂತಾಗ ಇವನು ಅದಕ್ಕೆ ಏನೋ ಅಂದನಂತೆ. ಟೀಚರ್ ಕಾರಿನ ಒಳಗೇ ಇದ್ದರಂತೆ.

ಒಂದು ಮಧ್ಯಾಹ್ನ ಟೀಚರ್ ಬುತ್ತಿ ಬಿಚ್ಚುತ್ತಿದ್ದಾರೆ. ಇವನು ಬಸ್ಸಿನ ಕೆಳಗೆ. ಬೋಲ್ಟು ಫಟ್ ಎಂದು ತುಂಡಾಯಿತು. ಹೊರಗೆ ಬಂದ. ಮುಖ ಕೆಂಪು, ತುಟಿ ನಡುಗುತ್ತಿದೆ. ಹೆಂಡತಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿ ಹಲ್ಲು ಕಚ್ಚಿ ಹೇಳಿದ, “ಹದಿನಾರು–ಹದಿನೇಳು.”

ನಾನು ಹದಿನಾರು–ಹದಿನೇಳರ ಸ್ಪ್ಯಾನರ್ ಕೊಟ್ಟೆ, ಒಂದು ತುದಿ ಹದಿನಾರು, ಇನ್ನೊಂದು ಹದಿನೇಳರದ್ದು.

“ಅದಲ್ಲ ಮಾರಾಯ” ಎಂದು ಎಸೆದ. ಬೋಲ್ಟನ್ನು ನೋಡಿ ಇನ್ನೂ ಜೋರಾಗಿ ಹೇಳಿದ, “ಇಪ್ಪತ್ತು–ಇಪ್ಪತ್ತೆರಡು.” ಆಗ ಅರ್ಥವಾಯಿತು.

ಅಂದಿನಿಂದ ಅದೇ ಕ್ರಮ, ಟೀಚರ್ ಇದ್ದರೆ ಸೈಜು, ಇಲ್ಲದಿದ್ದರೆ ಆ ಸೈಜಿನ ಬೈಗುಳ. ಸಣ್ಣ ಸ್ಪ್ಯಾನರ್ ಆರು–ಏಳು. ಅದು ‘ಬೇವರ್ಸಿ’, ಪ್ರೀತಿಯಲ್ಲಿ ಹೇಳುವಂಥದ್ದು. ಹತ್ತು–ಹನ್ನೊಂದು ಗಿರಾಕಿಗಳಿಗೆ, ಅವರು ಹೋದ ಮೇಲೆ. ಹದಿನೆಂಟು–ಹತ್ತೊಂಬತ್ತು ನನಗೆ. ಇಪ್ಪತ್ತು–ಇಪ್ಪತ್ತೆರಡು ಹೆಬ್ಬೆರಳಿಗೆ ಸುತ್ತಿಗೆ ಬಿದ್ದಾಗ. ಮೂವತ್ತು–ಮೂವತ್ತೆರಡು ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಮೂರು ತಲೆಮಾರು ಮತ್ತು ಎರಡು ಪ್ರಾಣಿ ಬರುತ್ತವೆ. ಅದನ್ನು ನಾನು ಕೇಳಿದ್ದು ಎರಡೇ ಸಲ.

ಟೀಚರ್ ನೆರೆಯವರ ಹತ್ತಿರ ಹೆಮ್ಮೆಯಿಂದ ಹೇಳುತ್ತಿದ್ದರು, “ಇವರಿಗೆ ಕೆಲಸದ ಮೇಲೆ ಎಷ್ಟು ಶ್ರದ್ಧೆ ಅಂದ್ರೆ, ನಿದ್ರೆಯಲ್ಲಿಯೂ ಸ್ಪ್ಯಾನರಿನ ಸೈಜು ಹೇಳ್ತಾರೆ.”

ಇದನ್ನು ವಾರ್ಡಿನಲ್ಲಿ ಓದಿದೆ. ಅವನು ಫ್ಯಾನು ನೋಡುತ್ತಾ ಮಲಗಿದ್ದ. ಮುಖದಲ್ಲಿ ಏನೂ ಇಲ್ಲ. ಪಕ್ಕದ ಸ್ಟೂಲಿನಲ್ಲಿ ಕಿತ್ತಳೆ ಸುಲಿಯುತ್ತಿದ್ದ ಟೀಚರ್ ಕೈ ನಿಲ್ಲಿಸಿದರು. ಅವರು ಅಲ್ಲಿರುವುದನ್ನು ನಾನು ಮರೆತಿದ್ದೆ.

“ಮೂವತ್ತು ವರ್ಷ” ಎಂದರು ಟೀಚರ್. “ಮೂವತ್ತು ವರ್ಷ ಇದನ್ನು ನಾನು ನನ್ನ ಹೆಡ್‌ಮಾಸ್ಟರ ಹತ್ತಿರವೂ ಹೇಳಿದ್ದೇನೆ.”

೨. ಪಂಜಾಬಿನ ಲಾರಿ

ಪಂಜಾಬಿನ ಲಾರಿಯೊಂದು ಆಕ್ಸಲ್ ಮುರಿದು ನಮ್ಮಲ್ಲಿ ಮೂರು ದಿನ ನಿಂತಿತ್ತು. ಡ್ರೈವರನಿಗೆ ಅವನ ಭಾಷೆ ಬಿಟ್ಟು ಬೇರೆ ಬಾರದು. ಇವನ ಹಿಂದಿ ಎಂದರೆ ‘ಅಚ್ಛಾ’. ಮೊದಲ ದಿನ ಇಬ್ಬರೂ ಕೈಸನ್ನೆಯಲ್ಲಿ ಕಳೆದರು.

ಎರಡನೇ ದಿನ ಇವನ ಹೆಬ್ಬೆರಳಿಗೆ ಸುತ್ತಿಗೆ ಬಿತ್ತು. ಇಪ್ಪತ್ತು–ಇಪ್ಪತ್ತೆರಡು ಹೊರಬಂತು. ಟೈರಿನ ಮೇಲೆ ತೂಕಡಿಸುತ್ತಿದ್ದ ಡ್ರೈವರ್ ಎದ್ದು ನಿಂತ. ಭಾಷೆ ತಿಳಿಯದು, ಆದರೆ ಮಾಲು ಯಾವುದೆಂದು ತಿಳಿಯಿತು. ಅವನೂ ತನ್ನ ಭಾಷೆಯಲ್ಲಿ ಅಷ್ಟೇ ಉದ್ದದ್ದೊಂದು ಹೇಳಿದ. ಇವನು ಸುತ್ತಿಗೆ ಕೆಳಗಿಟ್ಟ. “ಇನ್ನೊಮ್ಮೆ” ಎಂದು ಬೆರಳು ತೋರಿಸಿದ.

ಆ ದಿನ ಕೆಲಸ ಆಗಲಿಲ್ಲ. ಇವನದೊಂದು, ಅವನದೊಂದು. ಡ್ರೈವರ್ ತುಳುವಿನದ್ದನ್ನು ತಪ್ಪಾಗಿ ಹೇಳಿದರೆ ಇವನಿಗೆ ತಡೆಯುವುದಿಲ್ಲ. ಯಾವ ಕೆಲಸವನ್ನೇ ಆಗಲಿ, ಯಾರಾದರೂ ಕೆಟ್ಟದಾಗಿ ಮಾಡುವುದನ್ನು ನೋಡಲು ಅವನಿಂದ ಆಗುವುದಿಲ್ಲ. “ಇಂಚಿ ಕೊರ್ಲ” ಎನ್ನುತ್ತಾನೆ, ಇತ್ತ ಕೊಡು ಎಂದು. ಹೇಳಿ ಎಡಗೈ ಚಾಚುತ್ತಾನೆ. ಸ್ಪ್ಯಾನರ್ ಆದರೂ ಹಾಗೆಯೇ, ಬೈಗುಳ ಆದರೂ ಹಾಗೆಯೇ. ಡ್ರೈವರನ ಬಾಯಿಂದ ಬೈಗುಳವನ್ನು ವಾಪಸು ತೆಗೆದುಕೊಂಡು, ಸರಿ ಮಾಡಿ, ಮತ್ತೆ ಕೊಡುತ್ತಿದ್ದ.

ಹೊರಡುವಾಗ ಇಬ್ಬರೂ ತಬ್ಬಿಕೊಂಡರು.

ಎರಡು ತಿಂಗಳು ಕಳೆದು ಲಾರಿ ಮತ್ತೆ ಬಂತು. ಗ್ಯಾರೇಜಿನಲ್ಲಿ ಆಗ ಇಬ್ಬರು ಬಸ್ ಮಾಲಕರು ಕುಳಿತಿದ್ದರು. ಡ್ರೈವರ್ ಇಳಿದು ಸೀದಾ ನನ್ನ ಬಳಿ ಬಂದ. ಬಗ್ಗಿ ಪಾದ ಮುಟ್ಟಿದ. ಎರಡೂ ಕೈ ಜೋಡಿಸಿ, ಭಕ್ತಿಯಿಂದ, ಹದಿನಾಲ್ಕು–ಹದಿನೈದು ಹೇಳಿದ. ಹಿರಿಯರಿಗೆ ನಮಸ್ಕಾರ ಹೇಳುವುದು ಹೀಗೆ ಎಂದು ಇವನು ಕಲಿಸಿ ಕಳಿಸಿದ್ದ.

ಬಸ್ ಮಾಲಕರು ಪೇಪರಿನ ಹಿಂದೆ ಹೋದರು. ನನ್ನ ಅಂಗಿ ಬೆನ್ನಿಗೆ ಅಂಟಿತು. ಇವನು ಕಣ್ಣು ಮುಚ್ಚಿ ಕೇಳಿ, ತಲೆದೂಗಿ ನನಗೆ ಹೇಳಿದ, “ನೋಡು, ಎಷ್ಟು ಸ್ಪಷ್ಟ. ಮೂರು ದಿನ ಇದ್ದವನು ಕಲಿತ. ನೀನು ಇಷ್ಟು ವರ್ಷದಿಂದ ಉಂಟು, ನಿನಗೆ ಬರ್ಲಿಲ್ಲ.”

ಇದನ್ನೂ ಓದಿದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. “ಮುಖ ತಿರುಗಿಸಿದ್ರಲ್ಲ!” ಎಂದರು ಟೀಚರ್ ಆಸೆಯಿಂದ. ಅತ್ತ ಕಡೆಯಿಂದ ಗಾಳಿ ಬರುತ್ತಿತ್ತು, ಅಷ್ಟೇ.

೩. ಮರ್ಯಾದೆ

ಮಂಗಳೂರಿನಲ್ಲಿ ಕನ್ನಡ ಇರುವುದು ಬ್ಯಾಂಕಿಗೆ, ಪೊಲೀಸರಿಗೆ, ಮದುವೆ ಕಾಗದಕ್ಕೆ. ಉಳಿದ ಬದುಕು ತುಳುವಿನಲ್ಲಿ ನಡೆಯುತ್ತದೆ. ಅದರಲ್ಲೂ ಇವನು ತುಳುವಿನಲ್ಲಿ ಬೈದರೆ ಎಲ್ಲ ಸರಿ ಉಂಟು ಎಂದು ಅರ್ಥ.

ಒಂದು ದಿನ ನಾನು ಬಾಗಿಲು ದಾಟುವಾಗ ಇವನು ಎದ್ದು ನಿಂತ. “ಬನ್ನಿ. ಕುಳಿತುಕೊಳ್ಳಿ. ತಾವು ಆರೋಗ್ಯವಾಗಿದ್ದೀರಷ್ಟೆ?” ಎಂದ. ಅಚ್ಚ ಕನ್ನಡ.

ನಾನು ಕುಳಿತುಕೊಳ್ಳದೆ ಸೀದಾ ಬಸ್ಸಿನ ಕಡೆ ನಡೆದೆ.

ಏನು ತಪ್ಪಾಗಿದೆ? ಹಿಂದಿನ ದಿನ ಕಟ್ಟಿದ ಬ್ರೇಕು ನೋಡಿದೆ. ಸರಿ ಇತ್ತು. ಆಯಿಲ್ ನೋಡಿದೆ. ಒಂದೊಂದು ನಟ್ಟೂ ಮುಟ್ಟಿ ನೋಡಿದೆ. ಇವನು ಬಂದು “ದಯವಿಟ್ಟು ಸ್ವಲ್ಪ ಸರಿಯುತ್ತೀರಾ?” ಎಂದ. ಕ್ಲಚ್ ರಿಪೇರಿಗೆ ಬಂದ ಡ್ರೈವರನೊಬ್ಬ ಇದನ್ನು ಕೇಳಿ ನನ್ನ ಕಿವಿಯಲ್ಲಿ ಕೇಳಿದ, “ಎಂತ ಆಯ್ತು? ಯಾರಾದ್ರೂ ತೀರಿಕೊಂಡ್ರಾ?” ನಾನು ಗೊತ್ತಿಲ್ಲ ಎಂದೆ. ಅವನು ಕ್ಲಚ್ ಇಲ್ಲದೆಯೇ ಬಸ್ಸು ಹೊರಡಿಸಿದ.

ಮಧ್ಯಾಹ್ನ ನನಗೆ ಅನ್ನ ಇಳಿಯಲಿಲ್ಲ. ಸಂಜೆ ನಾಲ್ಕಕ್ಕೆ ಧೈರ್ಯ ಮಾಡಿದೆ. “ಎಂತ ಆಯ್ತು, ಹೇಳು.”

“ಏನೂ ಇಲ್ಲ. ತಮ್ಮಂಥವರ ಬಗ್ಗೆ ನಾವು ಏನು ಹೇಳಲು ಸಾಧ್ಯ?” ಎಂದು ಗೋಡೆಯ ಕಡೆ ನೋಡಿದ. ಗೋಡೆಯಲ್ಲಿ ಸ್ಪ್ಯಾನರುಗಳನ್ನು ಸಾಲಾಗಿ ತೂಗುಹಾಕಿದ್ದೆವು. ಕೊನೆಯ ಮೊಳೆ ಖಾಲಿ. ಮೂವತ್ತು–ಮೂವತ್ತೆರಡು ಇಲ್ಲ. ಹಿಂದಿನ ಸಂಜೆ ಎದುರಿನ ಗ್ಯಾರೇಜಿನವರು ಕೇಳಿದ್ದರು. ನಾನು ಕೊಟ್ಟಿದ್ದೆ.

ಓಡಿದೆ. ಅರುವತ್ತರ ವಯಸ್ಸಿನಲ್ಲಿ ರಸ್ತೆ ದಾಟಿ ಓಡಿದೆ. ತಂದು ಕೊಟ್ಟೆ. ಇವನು ಅದನ್ನು ತಿರುಗಿಸಿ ನೋಡಿದ, ಬಟ್ಟೆಯಲ್ಲಿ ಒರೆಸಿದ, ಮೊಳೆಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ ತುಳುವಿನಲ್ಲಿ ಹದಿನೆಂಟು–ಹತ್ತೊಂಬತ್ತು ಹೇಳಿದ. ಪೂರ್ತಿ ಹೇಳಿದ.

ನಾನು ಕೈ ತೊಳೆದು ಬುತ್ತಿ ಬಿಚ್ಚಿ ಉಂಡೆ.

ಇದನ್ನೂ ಓದಿ ಮುಗಿಸಿದೆ. ಆಸ್ಪತ್ರೆಯಲ್ಲಿ ಅವನಿಗೆ ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. “ಅಂಕಲ್, ಬಾಯಿ ತೆಗೆಯಿರಿ.” “ಸರ್, ಸ್ವಲ್ಪ ತಿರುಗಿ.” ಅವನು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದ.

೪. ನಾಳೆ

ಆಯುಧಪೂಜೆಗೆ ಗ್ಯಾರೇಜಿಗೆ ನನ್ನ ಅಪ್ಪನೇ ಬರುತ್ತಿದ್ದರು. ಮಗ ಮಂತ್ರ ಬಿಟ್ಟ ಬೇಸರ ಅವರಿಗಿತ್ತು. ವರ್ಷಕ್ಕೊಮ್ಮೆ ಬಂದು, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ, ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಆ ದಿನ ಉಪಕರಣ ಮುಟ್ಟುವ ಹಾಗಿಲ್ಲ. ಇವನ ಲೆಕ್ಕದಲ್ಲಿ ಬೈಗುಳವೂ ಉಪಕರಣವೇ. ಹಾಗಾಗಿ ಅದಕ್ಕೂ ರಜೆ. ಬೆಳಿಗ್ಗೆಯಿಂದ ಬಾಯಿ ಬಿಗಿದು ನಿಂತಿರುತ್ತಿದ್ದ.

ಒಂದು ವರ್ಷ ಅಪ್ಪ ತೆಂಗಿನಕಾಯಿ ಒಡೆಯಲು ಹೋದರು. ಒಡೆಯಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಕಾಯಿ ಕಲ್ಲಿನಿಂದ ಪುಟಿಯಿತು. ನಾನು ಅಪ್ಪನ ಬದಲು ಇವನನ್ನೇ ನೋಡುತ್ತಿದ್ದೆ. ಇವನ ಎಡಗೈ ತನ್ನಿಂದ ತಾನೇ ಏಳುತ್ತಿತ್ತು. ಬೇಡ ಎಂದು ಕಣ್ಣಿನಲ್ಲೇ ಹೇಳಿದೆ.

“ಇಂಚಿ ಕೊರ್ಲೆ ಭಟ್ರೇ” ಎಂದು ಅಪ್ಪನ ಕೈಯಿಂದ ಕಾಯಿ ಕಿತ್ತುಕೊಂಡೇ ಬಿಟ್ಟ.

ಎತ್ತಿ ಹೊಡೆದ. ಕಾಯಿ ಒಡೆಯಲಿಲ್ಲ. ಕಲ್ಲಿಗೆ ಬಡಿದು ಹಾರಿ ಇವನ ಹೆಬ್ಬೆರಳಿನ ಮೇಲೆ ಬಿತ್ತು.

ಇವನ ಬಾಯಿ ತೆರೆಯಿತು. ದೇವರ ಪಟ ನೋಡಿದ. ಅಪ್ಪನನ್ನು ನೋಡಿದ. ಕುಂಕುಮ ಹಚ್ಚಿದ ಸ್ಪ್ಯಾನರುಗಳನ್ನು ನೋಡಿದ. ಬಾಯಿ ಮುಚ್ಚಿದ. ಬಗ್ಗಿ ಕಾಯಿ ಎತ್ತಿ, ಮುಖದ ಹತ್ತಿರ ಹಿಡಿದು, ಮೆಲ್ಲಗೆ ಹೇಳಿದ, “ನಾಳೆ.”

ಕಾಯಿಯನ್ನು ಶೆಲ್ಫಿನಲ್ಲಿ ಇಟ್ಟ. ಅಪ್ಪ ಬೇರೆ ಕಾಯಿ ಒಡೆದರು. ಹೋಗುವಾಗ ಅಪ್ಪ ನನ್ನನ್ನು ಕೇಳಿದರು, “ನಾಳೆ ಎಂತ ಉಂಟು?” ನಾನು ಅವರ ಚೀಲ ಎತ್ತಿಕೊಂಡು ಮುಂದೆ ನಡೆದೆ.

ಮರುದಿನ ಎಂಟು ಗಂಟೆಗೆ ಇವನು ಬಂದ. ಕಾಯಿಯನ್ನು ಶೆಲ್ಫಿನಿಂದ ಇಳಿಸಿ ಬೆಂಚಿನ ಮೇಲೆ ನಿಲ್ಲಿಸಿದ. ಎದುರು ನಿಂತು ಮೂವತ್ತು–ಮೂವತ್ತೆರಡು ಹೇಳಿದ. ಆಮೇಲೆ ಚಾ ಕುಡಿದ.

ಇದನ್ನು ಓದಿದಾಗ ನಗುತ್ತಾನೆ ಎಂದು ನನಗೆ ಪೂರ್ತಿ ನಂಬಿಕೆ ಇತ್ತು. ಅವನು ಕಣ್ಣು ಮುಚ್ಚಿಕೊಂಡ. ನೋಟ್‌ಬುಕ್ ಮಡಚಿದೆ. ಇದಕ್ಕಿಂತ ಒಳ್ಳೆಯದು ಬರೆಯಲು ನನ್ನಲ್ಲಿ ಉಳಿದಿರಲಿಲ್ಲ.

೫. ಚೀಟಿ

ವಾರ್ಡಿಗೆ ಮಾತು ಕಲಿಸಲು ಒಬ್ಬಳು ಹುಡುಗಿ ಬರುತ್ತಿದ್ದಳು. ಕಣ್ಣೂರಿನವಳು. ಇಲ್ಲಿಗೆ ಬಂದು ಕನ್ನಡ ಕಲಿತಿದ್ದಾಳೆ, ತುಳು ಇನ್ನೂ ಇಲ್ಲ. ಬಾಳೆಹಣ್ಣಿನ ಚಿತ್ರ ತೋರಿಸಿ “ಇದು ಎಂತ ಅಂಕಲ್?” ಎನ್ನುತ್ತಿದ್ದಳು. ಅಂಕಲ್ ಮಾತಾಡುತ್ತಿರಲಿಲ್ಲ.

ಶುಕ್ರವಾರ ಅವಳು ಟೀಚರನ್ನು ಹೊರಗೆ ಕರೆದಳು. ನಾನೂ ಹೋದೆ. “ಸೋಮವಾರ ಡಿಸ್ಚಾರ್ಜ್ ಮಾಡ್ತಾರೆ. ಒಂದು ಶಬ್ದ ಆದ್ರೂ ಬಂದಿದ್ರೆ ಧೈರ್ಯ ಇರ್ತಿತ್ತು. ಕೆಲವರಿಗೆ ದಿನಾ ಹೇಳಿ ಅಭ್ಯಾಸ ಆದದ್ದು ಮೊದಲು ಬರ್ತದೆ. ಎಣಿಕೆ, ಹಾಡು, ದೇವರ ಹೆಸರು, ಹಾಗೆ. ಇವರು ಯಾವಾಗಲೂ ಯಾವ ಮಾತು ಹೇಳ್ತಾ ಇದ್ರು?”

ಟೀಚರ್ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

“ದೇವರ ಹೆಸರು” ಎಂದರು ಟೀಚರ್.

ಎರಡು ದಿನ ‘ರಾಮ ರಾಮ’ ಹೇಳಿಸಿದರು. ಅವನು ರಾಮನಿಗೂ ಬಾಯಿ ತೆಗೆಯಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಟೀಚರ್ ವಾರ್ಡಿನ ಬಾಗಿಲಲ್ಲೇ ನನ್ನನ್ನು ತಡೆದರು. ನಿದ್ರೆ ಮಾಡಿದ ಹಾಗಿರಲಿಲ್ಲ.

“ನೀವೇ ಒಮ್ಮೆ ಹೇಳಿ.”

“ಎಂತ?”

“ಮೂವತ್ತು–ಮೂವತ್ತೆರಡು.”

“ನನಗೆ ಬರುವುದಿಲ್ಲ ಟೀಚರ್. ಪೂರ್ತಿ ನೆನಪೂ ಇಲ್ಲ.”

ಟೀಚರ್ ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟರು. ದುಂಡು ಅಕ್ಷರ. ಎಡಕ್ಕೆ ಮಾರ್ಜಿನ್. ಮೂರು ತಲೆಮಾರು, ಎರಡು ಪ್ರಾಣಿ, ಎಲ್ಲ ಕ್ರಮವಾಗಿ ಇತ್ತು. ಒಂದು ಪದ ತಪ್ಪಿರಲಿಲ್ಲ.

ನಾನು ಅವರ ಮುಖ ನೋಡಿದೆ.

“ದಿಬ್ಬಣದ ದಿನ ಕೇಳಿದ್ದು” ಎಂದರು. “ಮರೆಯುವುದು ಹೇಗೆ? ನಾನು ಬಾಗಿಲಲ್ಲಿ ನಿಲ್ತೇನೆ. ಸಿಸ್ಟರ್ ಬಂದ್ರೆ ಕೆಮ್ಮುತ್ತೇನೆ. ಹೋಗಿ.”

ಹೋದೆ. ಮಂಚದ ಪಕ್ಕ ನಿಂತೆ. ಪಕ್ಕದ ಮಂಚದಲ್ಲಿ ಇವನಂತೆಯೇ ಬಾಯಿ ನಿಂತ ಒಬ್ಬ ಮುದುಕ. ಅವನ ಕಾಲ ಬಳಿ ಅವನ ಹೆಂಡತಿ, ಹಾವೇರಿ ಕಡೆಯ ಅಜ್ಜಿ. ಅಜ್ಜಿಗೆ ತುಳು ತಿಳಿಯದು ಎನ್ನುವುದೊಂದೇ ಸಮಾಧಾನ. ಕನ್ನಡಕ ಹಾಕಿದೆ. ಚೀಟಿಯನ್ನು ಮುಖದ ಹತ್ತಿರ ಹಿಡಿದೆ. ಎಪ್ಪತ್ತು ವರ್ಷ ನನ್ನ ಬಾಯಿಂದ ಒಂದು ಕೆಟ್ಟ ಮಾತು ಬಂದಿಲ್ಲ. ಅಪ್ಪ ಬದುಕಿಲ್ಲ. ಇದ್ದರೆ ನೂರು ಸ್ನಾನ.

ಶುರು ಮಾಡಿದೆ.

ಏನಾಯಿತೆಂದರೆ, ಬರೆದದ್ದನ್ನು ನಿಂತು, ತಪ್ಪಿಲ್ಲದೆ, ಗಟ್ಟಿಯಾಗಿ ಹೇಳಲು ನನಗೆ ಗೊತ್ತಿರುವುದು ಒಂದೇ ರೀತಿ, ಅಪ್ಪ ಮಂತ್ರಕ್ಕೆ ಕಲಿಸಿದ್ದು. ಮೊದಲ ಪದದಿಂದಲೇ ಸ್ವರ ಹಿಡಿಯಿತು. ಒಂದು ಅಕ್ಷರ ಮೇಲೆ, ಒಂದು ಕೆಳಗೆ, ಸಾಲಿನ ಕೊನೆಗೆ ಒಂದು ಎಳೆತ. ಮೊದಲ ತಲೆಮಾರು ಮುಗಿಯುವಷ್ಟರಲ್ಲಿ ನನ್ನ ಬಲಗೈ ಸ್ವರಕ್ಕೆ ಸರಿಯಾಗಿ ಏಳುತ್ತಾ ಇಳಿಯುತ್ತಾ ಇತ್ತು. ನಿಲ್ಲಿಸಲು ನೋಡಿದೆ. ಆಗಲಿಲ್ಲ. ಮೊದಲ ಪ್ರಾಣಿ ಬಂದಾಗ ಹಾವೇರಿಯ ಅಜ್ಜಿ ಸೆರಗು ಹೊದ್ದು ಎದ್ದು ನಿಂತಳು. ಎರಡನೇ ಪ್ರಾಣಿಗೆ ಕೈ ಮುಗಿದಳು.

ಮುಗಿಸಿ ಕನ್ನಡಕ ತೆಗೆದೆ.

ಅವನು ನನ್ನನ್ನೇ ನೋಡುತ್ತಿದ್ದ. ಮೂರು ವಾರದಲ್ಲಿ ಮೊದಲ ಸಲ. ಆ ನೋಟ ನನಗೆ ಗೊತ್ತು. ಹದಿಮೂರರ ನಟ್ಟಿಗೆ ಹದಿನಾಲ್ಕರ ಸ್ಪ್ಯಾನರ್ ಹಾಕಿದವನನ್ನು ಅವನು ನೋಡುವ ನೋಟ. ಎಡಗೈ ಹಾಸಿಗೆಯಿಂದ ಎದ್ದಿತು. ಅಂಗೈ ತೆರೆಯಿತು.

“ಇಂಚಿ” ಎಂದ. ಜೊಲ್ಲು ಸುರಿಯಿತು. “ಕೊರ್ಲ.”

ಆಮೇಲೆ ಅವನೇ ಹೇಳಿದ. ಮೊದಲ ತಲೆಮಾರು ನಾಲಿಗೆಯಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಅರ್ಧ ಬಂತು. ಮೂರನೆಯದು ಸ್ಪಷ್ಟ. ಕೊನೆಯ ಪ್ರಾಣಿ ಲಿಫ್ಟಿನವರೆಗೆ ಕೇಳಿರಬೇಕು. ಹೇಳಿ ಮುಗಿಸಿ, ಹೀಗೆ ಹೇಳಬೇಕು, ತಿಳಿಯಿತಾ ಎಂಬಂತೆ ನನ್ನನ್ನು ನೋಡಿದ. ತಿಳಿಯಿತು ಎಂದು ತಲೆಯಾಡಿಸಿದೆ. ನನಗೆ ಚೀಟಿ ಕಾಣುತ್ತಿರಲಿಲ್ಲ. ಕನ್ನಡಕ ತೆಗೆದದ್ದರಿಂದ ಇರಬೇಕು.

ಟೀಚರ್ ಒಳಗೆ ಬಂದರು. ಕಣ್ಣು, ಮೂಗು, ಎಲ್ಲ ಸುರಿಯುತ್ತಿತ್ತು. “ಇನ್ನೊಮ್ಮೆ ಹೇಳಿ” ಎಂದರು ಗಂಡನಿಗೆ. ಮದುವೆಯಾದ ಮೇಲೆ ಅವರು ಹಾಗೆ ಕೇಳಿದ್ದು ಅದೇ ಮೊದಲು. ಅವನು ಇನ್ನೊಮ್ಮೆ ಹೇಳಿದ.

ಕಣ್ಣೂರಿನ ಹುಡುಗಿ ಚಿತ್ರದ ಕಟ್ಟು ಹಿಡಿದು ಓಡಿ ಬಂದಳು. “ಮಾತು ಬಂತಾ? ಎಂತ ಹೇಳಿದ್ರು?”

ಟೀಚರ್ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ದೇವರ ಹೆಸರು.”

ಸೋಮವಾರ ಬೆಳಿಗ್ಗೆ ಡಿಸ್ಚಾರ್ಜಿನ ಕಾಗದಕ್ಕೆ ಕಾಯುತ್ತಾ ಮಂಚದ ಬಳಿ ನಿಂತಿದ್ದೆವು. ಹುಡುಗಿ ಅವನ ಫೈಲಿನಲ್ಲಿ ಏನೋ ಬರೆಯುತ್ತಿದ್ದಳು. ಹಾವೇರಿಯ ಅಜ್ಜಿ ನನ್ನ ಎದುರು ಬಂದು ನಿಂತಳು.

“ಭಟ್ರ, ನಿನ್ನೆ ಹೇಳಿದ್ರಲ್ಲ, ಆ ಮಂತ್ರ ಭಾಳ ಚಲೋ ಐತ್ರಿ. ಇವ್ರ ಬಾಯಿ ಬಿಡ್ತು ನೋಡ್ರಿ. ನಮ್ಮ ಮನಿಯವ್ರಿಗೂ ಒಂದೀಟು ಹೇಳ್ರಿ. ನಿಮಗ ಪುಣ್ಯ ಬರ್ತದ.”

ನನಗೆ ಬೆವರು ಇಳಿಯಿತು. ಟೀಚರ್ ಕಿತ್ತಳೆ ಎಣಿಸತೊಡಗಿದರು. ಹುಡುಗಿ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅಜ್ಜಿ ಕೈ ಮುಗಿದೇ ಇದ್ದಳು. ಆಗ ಮಂಚದಿಂದ ಸ್ವರ ಬಂತು. ಮೆಲ್ಲಗೆ, ಒಂದೊಂದೇ ಪದ, ಅಜ್ಜಿಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ.

“ಅವನಿಗೆ... ಸರಿಯಾಗಿ... ಬರುವುದಿಲ್ಲ.”

ಬಾಯಿ ನಿಂತ ಮೇಲೆ ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಹುಡುಗಿ ಫೈಲಿನಲ್ಲಿ ಬರೆದುಕೊಂಡಳು.

ಅವನು ಎಡಗೈಯಿಂದ ಮುದುಕನನ್ನು ತೋರಿಸಿದ. ಆಮೇಲೆ ತನ್ನ ಎದೆ ತೋರಿಸಿದ. ಆಮೇಲೆ ನನ್ನನ್ನು ನೋಡಿ, ತನ್ನ ಮಂಚವನ್ನು ಅತ್ತ ತಳ್ಳು ಎಂದು ಸನ್ನೆ ಮಾಡಿದ.

ನಾನು ಬಗ್ಗಿ ಮಂಚದ ಗಾಲಿಯ ಬ್ರೇಕ್ ತೆಗೆದೆ.